ನಾಗಮಂಗಲದ ಪುಟ್ಟರಂಗಪ್ಪ ಬರೆದ ನಮ್ಮ ಚಿಕ್ಕಪ್ಪನ ಕಾದಂಬರಿ

ತಾವೇ ಬರೆದ ಕಾದಂಬರಿಯ ಮೇಲೆ ನಮ್ಮ ಚಿಕ್ಕಪ್ಪನಿಗೆ ಇದ್ದಷ್ಟು ಅನುಮಾನ ಪೊಲೀಸರಿಗೆ ಕಳ್ಳನ ಮೇಲೂ ಇರಲಾರದು! ಲೋಕದಲ್ಲಿ ಲೇಖಕರಾದವರು ಏನು ಮಾಡುತ್ತಾರೆ? ಬರೆಯುತ್ತಾರೆ, ತಾವೇ ಮೆಚ್ಚಿಕೊಳ್ಳುತ್ತಾರೆ, ಅಚ್ಚು ಹಾಕಿಸುತ್ತಾರೆ, ಆಮೇಲೆ ಓದದ ಜನರನ್ನು ಬೈಯುತ್ತಾ ಸುಖವಾಗಿ ಬಾಳುತ್ತಾರೆ. ನಮ್ಮ ಚಿಕ್ಕಪ್ಪ ಹಾಗಲ್ಲ. ಅವರು ತಮ್ಮ ಕಾದಂಬರಿಯನ್ನು ವಿಚಾರಣೆಗೆ ಗುರಿಪಡಿಸಿದರು. ಅದರ ಪರವಾಗಿ ಸುಳ್ಳು ಸಾಕ್ಷಿ ಹೇಳಿದವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ಹಾಕಿದರು. ಕೊನೆಗೆ ಲೇಖಕನನ್ನೇ ಬೇರೆ ಊರಿಗೆ ಗಡೀಪಾರು ಮಾಡಿದರು. ಆ ಲೇಖಕ ತಾವೇ ಎಂಬುದು ಅವರಿಗೆ ಅಂಥ ದೊಡ್ಡ ಅಡ್ಡಿಯೇನೂ ಆಗಲಿಲ್ಲ!

ಚಿಕ್ಕಪ್ಪ ಪಾಂಡವಪುರದವರು. ಪಶುವೈದ್ಯ ಇಲಾಖೆಯಲ್ಲಿ ಪರಿವೀಕ್ಷಕರಾಗಿದ್ದು ನಿವೃತ್ತರಾದವರು. ಕಾಗದದಲ್ಲಿ ಏನೇ ಇರಲಿ, ಸುತ್ತಲ ಹಳ್ಳಿಗಳಲ್ಲಿ ಅವರು ‘ದನಿನ ಡಾಕ್ಟ್ರು’. ಅವರಿಗೆ ಇದ್ದ ಒಂದೇ ಕೆಟ್ಟ ಚಟವೆಂದರೆ ನಿಜ ಹೇಳುವುದು. ಕೆ.ಆರ್. ಪೇಟೆಯಲ್ಲಿದ್ದಾಗ ಒಬ್ಬ ತನ್ನ ಎಮ್ಮೆಯನ್ನು ಮಾರಲು ಹೊರಟು, ಕೊಳ್ಳುವವನ ಎದುರಿಗೇ ಚಿಕ್ಕಪ್ಪನನ್ನು ಕರೆದು, “ಎಲ್ಡ್ ಒಳ್ಳೆ ಮಾತು ಯೋಳಿ ಸಾ” ಎಂದನಂತೆ. ಚಿಕ್ಕಪ್ಪ ಎಮ್ಮೆಯ ಬಾಯಿ ಬಿಡಿಸಿ ನೋಡಿ, “ಇದು ಆಲು ಕೊಡೋ ವಯಸ್ಸಲ್ಲ ಕಣಪ್ಪ, ಪಿಂಚಣಿ ತಗಳೋ ವಯಸ್ಸು” ಎಂದುಬಿಟ್ಟರು. ವ್ಯಾಪಾರ ಅಲ್ಲಿಗೇ ನಿಂತಿತು. ಮಾರುವವನು ಮಾತು ಬಿಟ್ಟ. ಎಮ್ಮೆಗೆ ಮಾತ್ರ ಇವರ ಮೇಲೆ ಗೌರವ ಹುಟ್ಟಿರಬೇಕು.

ದನಗಳ ವಿಷಯದಲ್ಲಿ ಸರಿ, ಮನುಷ್ಯರ ವಿಷಯದಲ್ಲಿ? ನನಗೆ ಹೆಣ್ಣು ಕೊಡಲು ಬಂದಿದ್ದ ಮಾವನವರು ಹುಡುಗನ ಗುಣ ಹೇಗೆಂದು ಚಿಕ್ಕಪ್ಪನನ್ನು ಒಂದು ಪಕ್ಕಕ್ಕೆ ಕರೆದು ಕೇಳಿದ್ದರು. ಚಿಕ್ಕಪ್ಪ ಸ್ವಲ್ಪ ಯೋಚಿಸಿ, “ಮೇವು ಚೆನ್ನಾಗಿ ತಿಂತಾನೆ. ಕೆಲ್ಸ ನಿಧಾನ. ಆದ್ರೆ ಆಯೋದು ಒದೆಯೋದು ಇಲ್ಲ, ಸಾಧು” ಎಂದರಂತೆ. ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ ಮೇಲೂ ಆ ವರದಿಯಲ್ಲಿ ಒಂದಕ್ಷರ ತಿದ್ದುವಂತಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ!

ಇಂಥ ಮನುಷ್ಯ ನಿವೃತ್ತರಾದ ಮೇಲೆ ಕಾದಂಬರಿ ಬರೆದರು. ಯಾಕೆ ಬರೆದರು ಎಂದು ಕೇಳಬೇಡಿ. ಬೇರೆಯವರು ನಿವೃತ್ತರಾದ ಮೇಲೆ ತೀರ್ಥಯಾತ್ರೆ ಯಾಕೆ ಹೋಗುತ್ತಾರೆ ಎಂದು ಯಾರಾದರೂ ಕೇಳುತ್ತಾರೆಯೇ? ಒಂದೆರಡು ವರ್ಷ ಅವರು ಜಗಲಿಯ ಮೇಲೆ ಕೂತು ಬರೆದೇ ಬರೆದರು. ಪಾಂಡವಪುರದ ಒಂದು ಡಿ.ಟಿ.ಪಿ. ಅಂಗಡಿಯ ಹುಡುಗಿ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಹೊಡೆದು, ಮುದ್ರಿಸಿ, ಸುರುಳಿ ತಂತಿ ಹಾಕಿ ಕೊಟ್ಟಳು. ಇಟ್ಟಿಗೆಯ ಗಾತ್ರ, ಇಟ್ಟಿಗೆಯ ತೂಕ. ಹೆಸರು ‘ಬಿರುಗಾಳಿಯಲ್ಲಿ ಬೆಂದ ಬದುಕು’.

ಹೆಸರು ಕೇಳಿದ ಚಿಕ್ಕಮ್ಮ ಒಂದೇ ಪ್ರಶ್ನೆ ಹಾಕಿದರು. “ಬಿರುಗಾಳೀಲಿ ಬೇಯೋದು ಎಂಗ್ರೀ? ಆರಿ ಓಗ್ಬೇಕಲ್ವಾ?”

“ಸಾಹಿತ್ಯ ಕಣೆ ಅದು” ಎಂದು ಚಿಕ್ಕಪ್ಪ ಗದರಿದರು. ಚಿಕ್ಕಮ್ಮ ಸೊಪ್ಪು ಬಿಡಿಸಲು ಒಳಗೆ ಹೋದರು. ವಿಮರ್ಶೆಯ ಮೊದಲ ಕಂತು ಹೀಗೆ ಮುಗಿಯಿತು.

ಕಥೆ ಇಷ್ಟು: ವಿಕ್ರಾಂತ್ ಎಂಬ ಹೃದಯತಜ್ಞ. ಪ್ಯಾರಿಸ್ಸಿನಲ್ಲಿ ಓದಿದವನು. ವೈಶಾಲಿ ಎಂಬ ಶ್ರೀಮಂತೆ. ಮೂರ್ಛೆ ಹೋಗುವುದೇ ಆಕೆಯ ಮುಖ್ಯ ಉದ್ಯೋಗ. ಆಕೆ ಮೂರ್ಛೆ ಹೋದಾಗಲೆಲ್ಲ ಈತ ಪ್ಯಾರಿಸ್ಸಿನಿಂದ ಹಾರಿ ಬರುತ್ತಾನೆ. ತಿರುಪತಿಯಾಚೆ ಕಾಲಿಡದ ಚಿಕ್ಕಪ್ಪ ಪ್ಯಾರಿಸ್ಸನ್ನು ಅದೆಷ್ಟು ಧೈರ್ಯವಾಗಿ ಬರೆದಿದ್ದರೆಂದರೆ, ಅಲ್ಲಿಯೂ ಬೆಳಗ್ಗೆ ಎಂಟಕ್ಕೆ ನಲ್ಲಿ ನೀರು ನಿಂತುಹೋಗುತ್ತಿತ್ತು!

ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುವವನಾದ್ದರಿಂದ ಮೊದಲ ಪ್ರತಿ ನನಗೇ ಬಂತು. “ಎಂಗದ್ಲಾ?” ಎಂದು ಚಿಕ್ಕಪ್ಪ ಕೇಳಿದಾಗ, ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಗಾತ್ರ ತುಂಬ ಚೆನ್ನಾಗಿದೆ ಚಿಕ್ಕಪ್ಪ” ಎಂದೆ. ಅವರು ನನ್ನನ್ನು ಒಂದು ಥರಾ ನೋಡಿದರು. ಎಮ್ಮೆಯ ಬಾಯಿ ಬಿಡಿಸುವ ಮುಂಚೆ ಹಾಗೇ ನೋಡುತ್ತಿದ್ದರು ಎಂದು ಕಾಣುತ್ತದೆ.

ಆಮೇಲೆ ಅವರು ಅದರ ಪಿ.ಡಿ.ಎಫ್. ಮಾಡಿಸಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಹಾಕಿದ ನಿಮಿಷದಲ್ಲೇ ಶುರುವಾಯಿತು ನೋಡಿ ಮಳೆ! ‘ಅದ್ಭುತ!’, ‘ಸೂಪರ್ ದೊಡ್ಡಪ್ಪ!’, ‘ಕಣ್ಣಲ್ಲಿ ನೀರು ಬಂತು!’ ಹೆಬ್ಬೆರಳುಗಳೋ ಲೆಕ್ಕವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಚಿಕ್ಕಪ್ಪ ನನಗೆ ಫೋನು ಮಾಡಿ, “ಲೇ, ಅದು ಫೋನಿಗೆ ಇಳಿಯಕ್ಕೇ ಎಲ್ಡ್ಮೂರು ನಿಮ್ಸ ಬೇಕು ಕಣ್ಲಾ. ಇಳಿಯಕ್ ಮುಂಚೆ ಅಳು ಎಂಗ್ ಬತ್ತದೆ ಇವ್ರಿಗೆ?” ಎಂದರು.



“ಒಬ್ಬಳು ಮಾತ್ರ ದಿಟವಾಗಿ ಅತ್ತವ್ಳೆ ಬುಡು” ಎಂದು ಅವರೇ ಸಮಾಧಾನ ಮಾಡಿಕೊಂಡರು. “ಆ ಟೈಪ್ ಮಾಡೋ ಎಣ್ಮಗ. ಪಾಪ, ಕಣ್ ಕೆಂಪಗೆ ಮಾಡ್ಕಂಡು ಕೂತಿತ್ತು.”

ಆದರೆ ಅನುಮಾನ ಹೊಕ್ಕ ಮನಸ್ಸು ಸುಮ್ಮನಿರುತ್ತದೆಯೇ? ಮಾರನೆಯ ದಿನವೇ ಅಂಗಡಿಗೆ ಹೋಗಿ ಯಾವ ಅಧ್ಯಾಯಕ್ಕೆ ಅತ್ತದ್ದು ಎಂದು ವಿಚಾರಿಸಿದರು. ಆಕೆ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಾ, “ಅಳು ಅಲ್ಲ ಸಾ, ಮದ್ರಾಸ್ ಐ” ಎಂದಳು!

ಅಲ್ಲಿಂದ ಚಿಕ್ಕಪ್ಪ ಬದಲಾದರು. ಓದುಗರಿಗೇ ಪರೀಕ್ಷೆ ಇಟ್ಟರು. ಕಾದಂಬರಿಯ ಎರಡು ಪ್ರತಿ ತೆಗೆದು, ವಿಕ್ರಾಂತ್ ಸಾವು ಬದುಕಿನ ನಡುವೆ ವೈಶಾಲಿಯ ಕೈ ಹಿಡಿದು ಕೊನೆಯ ಮಾತಾಡುವ ಕಡೆ, ಆ ಮಾತುಗಳನ್ನು ಕಿತ್ತುಹಾಕಿ, ದನಗಳ ಜಂತುಹುಳದ ಔಷಧಿಯ ವಿವರ ಇರುವ ಒಂದು ಪುಟ ಸೇರಿಸಿದರು. ‘ವೈಶಾಲಿ, ನಾನು ನಿನಗೊಂದು ಮಾತು ಹೇಳಬೇಕು’ ಎಂದು ಆತ ಉಸಿರೆಳೆದುಕೊಳ್ಳುತ್ತಾನೆ. ಪುಟ ತಿರುಗಿಸಿದರೆ, ‘ಎಮ್ಮೆಗಳಿಗೆ ಪ್ರಮಾಣ ಹೆಚ್ಚಿಸತಕ್ಕದ್ದು. ಗಬ್ಬದ ದನಗಳಿಗೆ ಕುಡಿಸತಕ್ಕದ್ದಲ್ಲ.’

ಒಂದು ಪ್ರತಿ ಕೆ.ಆರ್. ಪೇಟೆಯಲ್ಲಿರುವ ಅವರ ಷಡ್ಡಕರಿಗೆ ಹೋಯಿತು. ಷಡ್ಡಕರು ಹೈಸ್ಕೂಲಿನ ಹೆಡ್‌ಮಾಸ್ತರಾಗಿದ್ದವರು. ವಾರದ ಮೇಲೆ ಚಿಕ್ಕಪ್ಪ ಫೋನು ಮಾಡಿ, “ಆ ವಿಕ್ರಾಂತ್ ಕೊನೇ ಮಾತು ಎಂಗಿತ್ತು?” ಎಂದು ಕೇಳಿದರು.

“ಅಯ್ಯೋ, ಅದನ್ನ ಕೇಳಬೇಡಿ!” ಎಂದರಂತೆ ಷಡ್ಡಕರು, ಗಂಟಲು ಕಟ್ಟಿಸಿಕೊಂಡು. “ಅದನ್ನ ಓದಿ ಎರಡು ದಿನ ನನಗೆ ಊಟವೇ ಸೇರಲಿಲ್ಲ.”

“ಸೇರಲ್ಲ. ಜಂತಿನ ಔಸ್ದಿ ತಗಂಡ್ರೆ ಅಂಗೇಯಾ” ಎಂದು ಹೇಳಿ ಚಿಕ್ಕಪ್ಪ ಫೋನಿಟ್ಟರು.

ಇನ್ನೊಂದು ಪ್ರತಿ ಪಾಲಹಳ್ಳಿಯ ಕಡೆ ಎಮ್ಮೆ ಕಟ್ಟಿಕೊಂಡಿರುವ ಹಳೆಯ ಪರಿಚಯದವನೊಬ್ಬನಿಗೆ. ಅವನು ಮಾತ್ರ ತಾನಾಗಿಯೇ ಮನೆಗೆ ಬಂದು, “ಆ ಪುಟ ಬಾಳ ಚೆನ್ನಾಗದೆ ಸಾ. ಅದ್ರಲ್ಲಿ ಬರ್ದಂಗೇ ಕುಡಿಸ್ದೆ, ಎಮ್ಮೆ ಈಗ ಗುಂಡ್ಕಲ್ಲಂಗದೆ” ಎಂದ.

“ಮಿಕ್ಕಿದ್ದು ಎಂಗದೆ?” ಚಿಕ್ಕಪ್ಪ ಆಸೆಯಿಂದ ಕೇಳಿದರು.

“ಮಿಕ್ಕಿದ್ರಲ್ಲಿ ಎಮ್ಮೆಗೇನೂ ಇಲ್ವಲ್ಲ ಸಾ!”

ಇಷ್ಟರಲ್ಲಿ ಎಡವಟ್ಟೊಂದು ಆಗಿಹೋಗಿತ್ತು. ಈ ಪರೀಕ್ಷೆಗಳಿಗೆಲ್ಲ ಮುಂಚೆಯೇ, ಮೊದಲ ಹುಮ್ಮಸ್ಸಿನಲ್ಲಿ, ಚಿಕ್ಕಪ್ಪ ಬಿಡುಗಡೆಯ ಸಮಾರಂಭ ಗೊತ್ತುಮಾಡಿಬಿಟ್ಟಿದ್ದರು. ಪಾಂಡವಪುರದಲ್ಲಿ ಸಮುದಾಯ ಭವನ ಹೇಳಿಯಾಗಿತ್ತು. ಅಡುಗೆಯವರಿಗೆ ಹೇಳಿಯಾಗಿತ್ತು. ಶ್ರೀರಂಗಪಟ್ಟಣದ ಅಚ್ಚಿನ ಮನೆಯವರು ‘ಹೂಂ ಅನ್ನಿ ಸಾರ್, ಮೆಷಿನ್ನಿಗೆ ಹಾಕ್ತೀವಿ’ ಎಂದು ಕಾಯುತ್ತಿದ್ದರು. ಆಹ್ವಾನ ಪತ್ರಿಕೆಯ ಕರಡಿನಲ್ಲಿ ‘ಕೃತಿ ಪರಿಚಯ’ ಎಂಬುದರ ಮುಂದೆ ನನ್ನ ಹೆಸರಿತ್ತು! ಗಾತ್ರದ ಬಗ್ಗೆ ಅರ್ಧ ಗಂಟೆ ಮಾತಾಡುವುದು ಹೇಗೆ ಎಂಬ ಚಿಂತೆಯಲ್ಲಿ ನಾನು ಸೊರಗಿಹೋದೆ. ಬೇರೆಯವರಿಗೆಲ್ಲ ತಮಾಷೆ, ಚಿಕ್ಕಪ್ಪನಿಗೆ ಮಾತ್ರ ಸಂಕಟ. ಜೀವಮಾನವೆಲ್ಲ ಇನ್ನೊಬ್ಬರ ದನಕ್ಕೆ ಸುಳ್ಳು ಹೇಳದವರು ಈಗ ತಮ್ಮದೇ ಪುಸ್ತಕಕ್ಕೆ ಸುಳ್ಳು ಹೇಳಿಕೊಂಡು ನಾಲ್ಕು ಜನರೆದುರು ಹಾರ ಹಾಕಿಸಿಕೊಳ್ಳಬೇಕೇ?

“ನಾನೇ ನೋಡ್ತೀನಿ ಬುಡು. ನಂಗೆ ಗೊತ್ತಾಯ್ತದೆ” ಎಂದು ಒಂದು ದಿನ ಬಾಗಿಲು ಹಾಕಿಕೊಂಡು ಓದಲು ಕೂತರು. ಮಧ್ಯಾಹ್ನ ಹೊರಗೆ ಬಂದಾಗ ಮುಖ ಸೋತಿತ್ತು. “ಆಗಲ್ಲ ಕಣ್ಲಾ. ಎಲ್ ತೆಗುದ್ರೂ ನಂಗೇ ಅಳು ಬತ್ತದೆ. ಬರ್ದೋನು ನಾನೇ ಅಂತ ಗೊತ್ತಿರೋಗಂಟ ಇದ್ರ ಕಾಯ್ಲೆ ನಂಗೆ ಕಾಣಲ್ಲ.”

ಆಗ ಹೊಳೆದದ್ದೇ ನಾಗಮಂಗಲ!

ಮೊದಲ ಪುಟ ಹರಿದು ಹೊಸದು ಟೈಪು ಮಾಡಿಸಿದರು. ಅದರಲ್ಲಿ ಚಿಕ್ಕಪ್ಪನ ಹೆಸರಿಲ್ಲ. ‘ಲೇಖಕರು: ಪುಟ್ಟರಂಗಪ್ಪ, ನಾಗಮಂಗಲ’ ಎಂದಿತ್ತು. ಯಾರು ಈ ಪುಟ್ಟರಂಗಪ್ಪ? ಯಾರೂ ಅಲ್ಲ. ಚಿಕ್ಕಪ್ಪ ಆ ಬೆಳಗ್ಗೆ ಕಾಫಿ ಕುಡಿಯುತ್ತಾ ಹುಟ್ಟಿಸಿದ ಮನುಷ್ಯ. ಆ ಕಟ್ಟನ್ನು ಹೊತ್ತುಕೊಂಡು ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋಗಿ, ಅಲ್ಲಿಯ ಅಂಚೆ ಕಚೇರಿಯಲ್ಲಿ ತಮ್ಮದೇ ವಿಳಾಸಕ್ಕೆ ರಿಜಿಸ್ಟರ್ ಮಾಡಿದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ವಿಳಾಸ ನೋಡಿ, “ಪಾಂಡವಪುರಕ್ಕಾ? ಯಾರಾದ್ರೂ ಹೋಗೋರ ಕೈಲಿ ಕಳ್ಸಬಾರದಾ ಸರ್, ಬೇಗ ಸೇರುತ್ತೆ” ಎಂದಳಂತೆ.

“ನಾನೇ ಅಲ್ಗೋಯ್ತಾ ಇವ್ನಿ ಕಣಮ್ಮ. ಆದ್ರೆ ನಾನ್ ತಗಂಡೋದ್ರೆ ಪಕ್ಷಪಾತ ಆಯ್ತದೆ!”

ಆಕೆ ಸೀದಾ ಮುದ್ರೆ ಒತ್ತಿದಳು. ಸರ್ಕಾರಿ ಕೆಲಸದಲ್ಲಿ ಇಂಥದ್ದೆಲ್ಲ ನೋಡಿ ಅಭ್ಯಾಸವಿರಬೇಕು.

ಪೋಸ್ಟಿನವನು ಕಟ್ಟು ತಂದಾಗ ಚಿಕ್ಕಪ್ಪ ಮುಖ ಸಿಂಡರಿಸಿದ ರೀತಿ ನೋಡಬೇಕಾಗಿತ್ತು ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ. “ಯಾವನೋ ನಾಗಮಂಗಲದೋನು ಕಾದಂಬರಿ ಕಳ್ಸವ್ನೆ. ಈಗಿನ ಕಾಲ್ದಲ್ಲಿ ಎಲ್ಲಾರ್ಗೂ ಬರೆಯೋ ಉಚ್ಚು!” ಎಂದು ಗೊಣಗಿದರಂತೆ. “ಇದು ನಿಮ್ದೇ ಅಲ್ವೇನ್ರೀ?” ಎಂದು ಚಿಕ್ಕಮ್ಮ ಬಾಯಿ ತೆರೆಯುವಷ್ಟರಲ್ಲಿ “ಶ್! ನಂಗ್ ಗೊತ್ತಿಲ್ಲ!” ಎಂದು ಬಾಯಿ ಮುಚ್ಚಿಸಿದರಂತೆ.

ಆ ಭಾನುವಾರ ಕೆ.ಆರ್. ಪೇಟೆಯ ಷಡ್ಡಕರ ಮನೆಯಲ್ಲಿ ಒಂದು ಸಣ್ಣ ಪೂಜೆ. ಚಿಕ್ಕಮ್ಮ ಹಿಂದಿನ ದಿನವೇ ಹೋಗಿದ್ದರು. ಚಿಕ್ಕಪ್ಪನ ಜೊತೆ ಬಸ್ಸಿಗೆ ಹೊರಟವನು ನಾನು. “ನೀನು ಇಂದ್ಗಡೆ ಕೂತ್ಕೊ. ನಾನು ಓದ್ಬೇಕು. ನೀನ್ ಪಕ್ಕದಲ್ಲಿದ್ರೆ ನಾನ್ಯಾರು ಅಂತ ನೆಪ್ಪಾಯ್ತದೆ” ಎಂದು ನನ್ನನ್ನು ಹಿಂದಿನ ಸೀಟಿಗೆ ಅಟ್ಟಿದರು. ಅವರ ಪಕ್ಕದಲ್ಲಿ ಮಗಳ ಮನೆಗೆ ಅವರೆಕಾಯಿ ಚೀಲ ಹೊತ್ತು ಹೊರಟಿದ್ದ ಒಬ್ಬ ಹೆಂಗಸು ಕೂತಳು.

ಬಸ್ಸು ಊರು ಬಿಡುವ ಮೊದಲೇ ವಿಮರ್ಶೆ ಆರಂಭವಾಯಿತು. “ಥೂ!” ಎಂದರು. ಒಂದು ಪುಟ ತಿರುಗಿಸಿ “ಇವ್ನ ಮನೆ ಕಾಯ್ವೋಗ!” ಎಂದರು. ಪೆನ್ನು ತೆಗೆದು ಪರಪರ ಗೀಚಿದರು.

ಹೆಂಗಸಿಗೆ ತಡೆಯಲಾಗಲಿಲ್ಲ. “ಯಾಕ್ ಸಾ ಅಂಗ್ ಬಯ್ತೀರಿ? ಯಾರ್ ಬರ್ದಿರೋದು?”

“ಯಾವನೋ ನಾಗಮಂಗಲದೋನು ಕಣಮ್ಮ. ಪುಟ್ಟರಂಗಪ್ಪ ಅಂತಾವ.”

“ಪಾಪ! ಎಷ್ಟ್ ಕಷ್ಟ ಬಿದ್ದು ಬರ್ದವ್ನೋ! ಅವ್ನೂ ಯಾವ್ದೋ ತಾಯಿ ಮಗ ಅಲ್ವಾ? ಓದಿ ನೋಡವ, ನಾನೂ ಕೇಳ್ತೀನಿ.”

ಚಿಕ್ಕಪ್ಪನ ಕಿವಿ ಕೆಂಪಾದದ್ದು ಹಿಂದಿನಿಂದ ನನಗೆ ಕಂಡಿತು. ಗಂಟಲು ಸರಿಮಾಡಿಕೊಂಡು ವೈಶಾಲಿ ಅಮೃತಶಿಲೆಯ ಮೆಟ್ಟಿಲ ಮೇಲೆ ಮೂರ್ಛೆ ಹೋಗುವ ಭಾಗ ಓದಿದರು. ಆಕೆ ಗಮನವಿಟ್ಟು ಕೇಳಿ, “ಆ ಎಣ್ಮಗ ಬೆಳಿಗ್ಗೆ ಏನಾದ್ರೂ ತಿಂದಿತ್ತಾ?” ಎಂದಳು.

“ಅದ ಬರ್ದಿಲ್ಲ.”

“ಬರೀಬೇಕು ಸಾ. ವಟ್ಟೆಗಿಲ್ದೆ ಇದ್ರೆ ತಲೆ ಸುತ್ತದೆ ಇರ್ತದಾ?”

ಚಿಕ್ಕಪ್ಪ ಅಂಚಿನಲ್ಲಿ ಏನೋ ಗೀಚಿಕೊಂಡು ಬೇರೆ ಕಡೆ ತೆಗೆದರು. ಅಲ್ಲಿ ವೈಶಾಲಿಯ ಕಾರು ಮೇಲುಕೋಟೆ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ, ಬೆಳಗಿನ ಜಾವದ ಮಳೆಯಲ್ಲಿ ಕೆಟ್ಟು ನಿಲ್ಲುತ್ತದೆ. ಆಕೆ ಛತ್ರಿ ಹಿಡಿದು ಕೆಳಗಿಳಿಯುತ್ತಾಳೆ. ಎದುರಿಗೊಂದು ಕೊಟ್ಟಿಗೆ. ಒಳಗೆ ಈಯಲಾರದೆ ಒದ್ದಾಡುತ್ತಿರುವ ಹಸು. ಸೈಕಲ್ಲಿನಲ್ಲಿ ನೆನೆದು ಬಂದ ಒಬ್ಬ ಕಾಂಪೌಂಡರು ಅಂಗಿ ಬಿಚ್ಚಿ, ತೋಳಿಗೆ ಎಣ್ಣೆ ಸವರಿಕೊಂಡು ಮಂಡಿಯೂರುತ್ತಾನೆ. ಕರುವಿನ ಮುಂಗಾಲು ಒಳಗೆ ಮಡಚಿಕೊಂಡಿದೆ. ಟಾರ್ಚು ಮನೆಯಾಕೆಯ ಕೈಯಲ್ಲಿದೆ. ಬೆಳಕು ಒಮ್ಮೆ ಹಸುವಿನ ಕಣ್ಣಿಗೆ, ಒಮ್ಮೆ ಗೋಡೆಗೆ ಹೋಗುತ್ತಿದೆ. ಕಾಂಪೌಂಡರು ಹಸುವಿನ ಜೊತೆ ಮಾತಾಡುತ್ತಾನೆ: ‘ತಡಕೋ ತಾಯಿ, ಕಾಲು ಸಿಕ್ತು, ಇನ್ನೊಂದು ಚೂರು.’

ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ಇದು ಯಾರು ಬರೆದದ್ದು? ಪ್ಯಾರಿಸ್ಸಿನಲ್ಲಿ ನಲ್ಲಿ ನೀರು ನಿಲ್ಲಿಸಿದವರೇ? ಮುಂದಿನ ಸೀಟಿನವರು ಮೊಬೈಲು ಕೆಳಗಿಟ್ಟು ಹಿಂದಕ್ಕೆ ತಿರುಗಿದ್ದರು. ಅಕ್ಕಪಕ್ಕದ ಮಾತು ನಿಂತಿತ್ತು. ಕಂಡಕ್ಟರು ಟಿಕೇಟು ಹರಿಯುವುದನ್ನು ಬಿಟ್ಟು ಕಂಬ ಹಿಡಿದು ನಿಂತಿದ್ದ. ಅವರೆಕಾಯಿಯ ಹೆಂಗಸು ಇಳಿಯಬೇಕಾದ ಊರು ಬಂತು, ಹೋಯಿತು. ಚಿಕ್ಕಪ್ಪ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಕಂಡಕ್ಟರು, “ಮುಂದಕ್ಕೋದಿ ಸಾ, ಕರ ಉಳೀತಾ?” ಎಂದ.

“ಉಳೀತು.”

“ಹಸ?”

“ಹಸಾನೂ ಉಳೀತು ಕಣಪ್ಪ.”

“ಸದ್ಯ!” ಎಂದು ಇಡೀ ಬಸ್ಸು ಉಸಿರು ಬಿಟ್ಟಿತು. ಡ್ರೈವರ್ ಕೂಡ ಏನೋ ಗೆದ್ದವನಂತೆ ಒಮ್ಮೆ ಹಾರನ್ನು ಹೊಡೆದ.

ಹೆಂಗಸು ಮಾತ್ರ ಇನ್ನೂ ಯೋಚನೆಯಲ್ಲಿದ್ದಳು. “ಅಲ್ಲ ಸಾ, ಮಳೇಲಿ ಛತ್ರಿ ಇಡ್ಕಂಡು ನಿಂತಿತ್ತಲ್ಲ ಆ ವಮ್ಮ, ಅದೇನಾಯ್ತು?”

ಚಿಕ್ಕಪ್ಪ ಹಿಂದಕ್ಕೆ ಮುಂದಕ್ಕೆ ಪುಟ ತಿರುಗಿಸಿದರು. ಅಧ್ಯಾಯ ಮುಗಿದೇಹೋಗಿತ್ತು. ವೈಶಾಲಿಯ ಸುಳಿವೇ ಇಲ್ಲ. ಬರೆಯುವ ಭರದಲ್ಲಿ ಚಿಕ್ಕಪ್ಪ ತಮ್ಮ ಕಥಾನಾಯಕಿಯನ್ನು ಸಂಪೂರ್ಣ ಮರೆತುಬಿಟ್ಟಿದ್ದರು!

“ಇನ್ನೂ ನಿಂತವ್ಳೆ ಕಣಮ್ಮ” ಎಂದರು ಮೆಲ್ಲಗೆ.

ಆ ದಿನ ಷಡ್ಡಕರ ಮನೆಯಲ್ಲಿ ಚಿಕ್ಕಪ್ಪ ಒಬ್ಬಟ್ಟು ಮುಟ್ಟಲಿಲ್ಲ. ಅವರು ಒಬ್ಬಟ್ಟು ಮುಟ್ಟಲಿಲ್ಲವೆಂದರೆ ಅದು ಆಂಬುಲೆನ್ಸ್ ಕರೆಸುವ ವಿಷಯ. ಚಿಕ್ಕಮ್ಮ ಹಣೆ ಮುಟ್ಟಿ ನೋಡಿದರು. ಷಡ್ಡಕರು ಜಂತುಹುಳದ ಮಾತು ಬಂದೀತೆಂದು ಹೆದರಿ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

ಮುಂದಿನ ಭಾನುವಾರ ನನಗೆ ಬುಲಾವು ಬಂತು. ಪಾಂಡವಪುರಕ್ಕೆ ಹೋದೆ. ನಡುಮನೆಯಲ್ಲಿ ಒಂದು ಕುರ್ಚಿ, ಜಗಲಿಯ ಮೇಲೆ ಒಂದು ಕುರ್ಚಿ. ಚಿಕ್ಕಪ್ಪ ನಡುಮನೆಯಲ್ಲಿ ಕನ್ನಡಕ ಹಾಕಿಕೊಂಡು, ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಇವತ್ತು ತೀರ್ಮಾನ ಕಣ್ಲಾ. ಪುಟ್ಟರಂಗಪ್ಪ ಬಂದು ಜಗಲೀಲಿ ಕೂತವ್ನೆ. ನಂಗೆ ಅವ್ನ ಮಕ ನೋಡಿ ಯೋಳಕ್ಕಾಗಲ್ಲ. ನಾನ್ ಯೋಳೋದ ನೀನೋಗಿ ಅವ್ನಿಗೆ ಯೋಳು.”

“ಚಿಕ್ಕಪ್ಪ, ಜಗಲಿಯಲ್ಲಿ ಯಾರೂ ಇಲ್ಲವಲ್ಲ?”

“ನೀನು ಆಚೆ ಓಗು, ಅವ್ನು ಬತ್ತಾನೆ!”

ನಾನು ನಡುಮನೆಯ ಬಾಗಿಲಿನಿಂದ ಜಗಲಿಗೆ ಹೋಗುವಷ್ಟರಲ್ಲಿ ಅವರು ಪಕ್ಕದ ಕೋಣೆಯ ಬಾಗಿಲಿನಿಂದ ಓಡಿಬಂದು, ಕನ್ನಡಕ ತೆಗೆದು, ಹೆಗಲಿಗೆ ಒಂದು ಟವೆಲು ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಾಗಮಂಗಲದಿಂದ ಅಷ್ಟು ಬೇಗ ಬಂದ ಮನುಷ್ಯ ಇನ್ನೊಬ್ಬನಿಲ್ಲ! ನನ್ನನ್ನು ಕಂಡು ವಿನಯದಿಂದ ಕೈಮುಗಿದು, “ಏನಂದ್ರು ಸಾಹೇಬ್ರು?” ಎಂದರು.

ನನಗೆ ನಗಬೇಕೋ ಓಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಕಾಫಿ ತಂದರು. ಜಗಲಿಯ ಕುರ್ಚಿ ನೋಡಿ, ಒಳಗಿನ ಖಾಲಿ ಕುರ್ಚಿ ನೋಡಿ, “ಒಳ್ಗಡೆಯೋರಿಗೂ ಇಕ್ಕಲಾ, ಇಲ್ಲ ಇವ್ರೊಬ್ಬರಿಗೇ ಸಾಕಾ ಮಗ?” ಎಂದು ನನ್ನನ್ನು ಕೇಳಿದರು. ಎರಡು ಕಡೆಯೂ ಒಂದೊಂದು ಲೋಟ ಇಟ್ಟರು. ಎರಡೂ ಲೋಟ ಖಾಲಿಯಾದವು.

ಹೀಗೆ ನಾನು ಒಳಗೂ ಹೊರಗೂ ಓಡಾಡಿದೆ.

“ಪ್ಯಾರಿಸ್ಸು ಬೇಕಾಗಿಲ್ಲವಂತೆ. ಅಲ್ಲಿಗೆ ನೀವು ಹೋಗಿಲ್ಲ ಅಂತ ಗೊತ್ತಾಗುತ್ತದಂತೆ” ಎಂದೆ ಜಗಲಿಯಲ್ಲಿ.

“ಹೋಗಿಲ್ಲ ನಿಜ. ಆದ್ರೆ ಕಣ್ಣೀರಾಕಿ ಬರ್ದಿವ್ನಿ ಅಂತ ಯೋಳಿ.”

ಒಳಗೆ ಹೋಗಿ ಹೇಳಿದೆ. ಕನ್ನಡಕದ ಚಿಕ್ಕಪ್ಪ, “ಕಣ್ಣೀರು ಬಿದ್ರೆ ಶಾಯಿ ಕದಡ್ತದೆ, ಅಷ್ಟೇಯಾ. ಇಡೀ ಮೈ ನೀರು ತುಂಬ್ಕಂಡದೆ ಈ ಕಾದಂಬ್ರಿಗೆ. ಮುಟ್ಟಿದ್ ಕಡೆ ಎಲ್ಲ ಕುಣಿ ಬೀಳ್ತದೆ. ವಿಕ್ರಾಂತ್‌ಗೆ ಉಸ್ರಿಲ್ಲ. ಆ ವಮ್ಮಂಗೆ ರಕ್ತ ಇಲ್ಲ. ಓಗಿ ಯೋಳು” ಎಂದರು. ಹೇಳುವಾಗ ಪುಟಗಳ ಮೇಲೆ ಕೈಯಾಡಿಸುತ್ತಿದ್ದರು. ಆ ಕೈ ದನದ ಮೈ ಮುಟ್ಟುವ ಕೈ. ತಮಾಷೆ ಅಲ್ಲಿ ಇರಲಿಲ್ಲ.

“ಇನ್ನೇನಂದ್ರು?” ಎಂದು ಹೊರಗೆ ಪುಟ್ಟರಂಗಪ್ಪ ಕೇಳಿದರು. ದನಿ ಸಣ್ಣದಾಗಿತ್ತು.

ಉಸಿರು, ರಕ್ತದ ಮಾತನ್ನು ನಾನು ನುಂಗಿಕೊಂಡೆ. ಮತ್ತೆ ಒಳಗೆ ಹೋದೆ. ಚಿಕ್ಕಪ್ಪ ನನಗಿಂತ ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತು, ಕನ್ನಡಕವನ್ನು ಏರಿಸಿಕೊಂಡು, ಕಟ್ಟನ್ನು ತೊಡೆಗೆ ಎಳೆದುಕೊಂಡರು.

“ತಾಯಿ ಉಳಿಯಲ್ಲ. ಕರ ಉಳೀತದೆ. ಆ ಕೊಟ್ಗೆ ಅಧ್ಯಾಯ ಒಂದು ಉಸ್ರಾಡ್ತಾ ಅದೆ. ಅದನ್ನ ಈಚೆ ತಗೀಬೇಕು, ಮಿಕ್ಕಿದ್ದ ಬುಟ್ಬುಡ್ಬೇಕು. ಈಗ ಅಚ್ಚಾಕಿಸ್ಬ್ಯಾಡ ಅಂತ ಯೋಳು. ಅಚ್ಚಾಕಿಸಿದ್ರೆ ಎಲ್ಡೂ ಓಯ್ತವೆ.”

ನಾನು ಜಗಲಿಗೆ ಹೋಗಿ, ಒಂದು ಮಾತೂ ಕಡಿಮೆ ಮಾಡದೆ ಹೇಳಿದೆ. ಟವೆಲು ಹಾಕಿಕೊಂಡ ಚಿಕ್ಕಪ್ಪ ಕೇಳಿಸಿಕೊಂಡರು. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ಹೋಯಿತು. ಅದು ತಿರುವು ದಾಟುವವರೆಗೂ ಅವರು ಅದನ್ನೇ ನೋಡುತ್ತಿದ್ದರು.

“ಸರಿ” ಎಂದರು ಆಮೇಲೆ. “ನಂಗೂ ಅಂಗೇ ಅನ್ನಿಸ್ತಿತ್ತು. ಯಾರಾರ ಯೋಳ್ಲಿ ಅಂತ ಕಾಯ್ತಿದ್ದೆ.”

ಅಬ್ಬಾ! ಆ ಕ್ಷಣ ಆ ಮನೆಯಿಂದ ಎಷ್ಟು ದೊಡ್ಡ ಭಾರ ಇಳಿಯಿತೆಂದರೆ, ಜಂತೆಗಳು ಒಂದು ಅಂಗುಲ ಮೇಲೆದ್ದಿರಬೇಕು! ಚಿಕ್ಕಪ್ಪ ಅಲ್ಲಿಂದಲೇ ಅಚ್ಚಿನ ಮನೆಗೆ ಫೋನು ಮಾಡಿ ಬೇಡವೆಂದರು. ಭವನಕ್ಕೆ ಬೇಡವೆಂದರು. ಅಡುಗೆಯವರಿಗೆ ಬೇಡವೆಂದರು. ಪ್ರತಿ ಸಲ ‘ಬೇಡ’ ಎಂದಾಗಲೂ ಅವರ ದನಿ ಗಟ್ಟಿಯಾಗುತ್ತಾ ಹೋಯಿತು. ಕೊನೆಗೆ ಕುಟುಂಬದ ಗುಂಪಿಗೆ, ‘ಬಿಡುಗಡೆ ಇಲ್ಲ. ಕಾದಂಬರಿ ಚಿಕಿತ್ಸೆಯಲ್ಲಿದೆ’ ಎಂದು ಬರೆದರು. ಮತ್ತೆ ಹೆಬ್ಬೆರಳುಗಳ ಮಳೆ! ಈ ಸಲ ಮಾತ್ರ ಅವೆಲ್ಲ ಪ್ರಾಮಾಣಿಕ ಹೆಬ್ಬೆರಳುಗಳೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಷಡ್ಡಕರಂತೂ ಕೈಮುಗಿದ ಚಿತ್ರವನ್ನು ಸಾಲು ಸಾಲಾಗಿ ಹಾಕಿದ್ದರು. ನನ್ನ ಕೃತಿ ಪರಿಚಯದ ಭಾಷಣವೂ ಹುಟ್ಟುವ ಮುಂಚೆಯೇ ಸತ್ತಿತು. ನಾನು ಅಡುಗೆಮನೆಗೆ ಹೋಗಿ ಚಿಕ್ಕಮ್ಮನಲ್ಲಿ ಕೇಳಿ ಇನ್ನೊಂದು ಲೋಟ ಕಾಫಿ ಕುಡಿದೆ. ಅಷ್ಟು ರುಚಿಯಾದ ಕಾಫಿ ಆ ತಿಂಗಳಲ್ಲಿ ಕುಡಿದಿರಲಿಲ್ಲ.

(ಚಿಕ್ಕಪ್ಪ ಈಗ ಆ ಕೊಟ್ಟಿಗೆಯಿಂದಲೇ ಶುರುಮಾಡಿ ಹೊಸದಾಗಿ ಬರೆಯುತ್ತಿದ್ದಾರೆ. ಪುಸ್ತಕ ತೆಳ್ಳಗಿರುತ್ತದಂತೆ. ಗಾತ್ರ ಹೊಗಳುವ ದಾರಿಯೂ ಇನ್ನು ನನಗಿಲ್ಲ.)

ಲೋಟ ಕೆಳಗಿಟ್ಟು ನಡುಮನೆಗೆ ಬಂದೆ. ಚಿಕ್ಕಪ್ಪ ಒಳಗಿನ ಕುರ್ಚಿಗೆ ಮರಳಿದ್ದರು. ಕನ್ನಡಕವನ್ನು ಕೈಯಲ್ಲಿ ಹಿಡಿದು, ಒರೆಸಿದ್ದನ್ನೇ ಒರೆಸುತ್ತಿದ್ದರು. ಆಟ ಮುಗಿಯಿತೆಂದು ನಾನು ನಗುತ್ತಾ ಹೊರಡಲು ಚಪ್ಪಲಿಯ ಕಡೆ ನಡೆದೆ.

“ಲೇ” ಎಂದರು. ನಾನು ನಿಂತೆ.

“ಅವ್ನು ಬಾಳ ನೊಂದ್ಕಂಡ್ನೇನ್ಲಾ?”

ನಾನು ಚಪ್ಪಲಿಯನ್ನು ಬಿಟ್ಟು ಹಿಂದಕ್ಕೆ ಬಂದೆ. “ಇಲ್ಲ ಚಿಕ್ಕಪ್ಪ. ನಿರಾಳ ಆದಂತೆ ಕಂಡರು” ಎಂದೆ. ಆಮೇಲೆ, “ಆದರೂ ನೀವೇ ಒಂದು ಸಲ ಹೋಗಿ ನೋಡಿ” ಎಂದೆ.

ಅವರು ತಲೆಯಾಡಿಸಿ ಎದ್ದರು. ಕನ್ನಡಕ ಹಾಕಿಕೊಳ್ಳಲಿಲ್ಲ, ಟವೆಲನ್ನೂ ಹಾಕಿಕೊಳ್ಳಲಿಲ್ಲ. ಜಗಲಿಗೆ ಹೋಗಿ, ಕುರ್ಚಿಯಲ್ಲಿ ಕೂರದೆ, ಅದರ ಪಕ್ಕದಲ್ಲಿ ಜಗಲಿಯ ಕಲ್ಲಿನ ಮೇಲೆ ಕೂತರು. ಖಾಲಿ ಕುರ್ಚಿಯ ಕಾಲಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ರಸ್ತೆ ನೋಡುತ್ತಿದ್ದರು.

ನನ್ನ ಹಿಂದೆ ಚಿಕ್ಕಮ್ಮ ಬಂದು ನಿಂತಿದ್ದರು. “ಇವ್ರು ಮದ್ಲಿಂದ್ಲೂ ಇಂಗೇ ಕಣಪ್ಪ” ಎಂದರು ತಗ್ಗಿದ ದನಿಯಲ್ಲಿ. “ನಿನ್ ಹಸ ಉಳಿಯಲ್ಲ ಅಂತ ಯಾರ್ಗಾರ ಯೋಳಿದ್ ದಿನ ಮನೆಗ್ ಬತ್ತಿರ್ನಿಲ್ಲ. ಔಸ್ದಿ ಇಲ್ಲ, ಮಾಡೋ ಕೆಲ್ಸ ಇಲ್ಲ, ಸುಮ್ಕೆ ಅವ್ರ್ ಜೊತೇಲಿ ಕೊಟ್ಗೇಲಿ ಕೂತಿರೋರು. ಉಣ್ಣಕ್ಕೂ ಬತ್ತಿರ್ನಿಲ್ಲ.”

ಅವರು ಸೆರಗಿಗೆ ಕೈ ಒರೆಸಿಕೊಂಡು ಜಗಲಿಗೆ ಹೋದರು. “ಯಾರ್ ಜೊತೆ ಕೂತಿದೀರ್ರೀ?” ಎಂದರು.

“ಪುಟ್ಟರಂಗಪ್ಪನ ಜೊತೆ ಕಣೆ.”

“ವಸಿ ಸರ್ಕಳಿ” ಎಂದರು ಚಿಕ್ಕಮ್ಮ. “ನಾನೂ ಕೂತ್ಕತೀನಿ.”